ಆರೋಗ್ಯಮ್ಮನ ಪಾಲಿನ ಆಯತ್ತು

ಮೈದಾ ಗೋಂದಿಗೆ ಮೈಲುತುತ್ತ ಬೆರೆಸಿ ಕುದಿಸುವ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ, ಶಿವಾಜಿನಗರದಲ್ಲಿ ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ನಡೆಸುತ್ತಿದ್ದ ಬೈಂಡಿಂಗ್ ಅಂಗಡಿ ಕಣ್ಣೆದುರು ಬಂದು ನಿಲ್ಲುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ದಾದಾ ಹಳೆಯ ಕುರಾನ್‌ಗಳನ್ನು ಬಿಚ್ಚಿ, ಮತ್ತೆ ಹೊಲಿದು, ಹೊಸ ರಟ್ಟು ಹಾಕುತ್ತಿದ್ದರು. ಹಲಸೂರಿನಿಂದ ಬರುತ್ತಿದ್ದ ಆರೋಗ್ಯಮ್ಮ ಕೊರಳಲ್ಲಿ ಪುಟ್ಟ ಶಿಲುಬೆ ತೂಗಾಡಿಸಿಕೊಂಡು ನೋಟ್‌ಬುಕ್ಕಿನ ಹಾಳೆ ಮಡಿಸುತ್ತಿದ್ದರು. ಅಮ್ಮ ಹಾಸಿಗೆ ಹಿಡಿದ ವರ್ಷ ನನಗೆ ಅನ್ನ ಕಲಸಿ ಹಾಕಿದವರೂ ಅವರೇ.

ಹತ್ತು ವರ್ಷಕ್ಕೇ ನಾನು ಚಿಂತೆಯಲ್ಲಿ ಚೆನ್ನಾಗಿ ಪಳಗಿದ್ದೆ. ದೇವರನ್ನೂ ಕೊನೆಯ ದಿನವನ್ನೂ ನಂಬಿ ಒಳ್ಳೆಯದು ಮಾಡಿದ ಕ್ರೈಸ್ತರಿಗೂ ಭಯವಿಲ್ಲ ಎನ್ನುವ ಕುರಾನಿನ ಆಯತ್ತನ್ನು ಓದಿಸಿದ ಮದರಸಾದ ಹಜರತರು, ಅದು ಮನ್ಸೂಖ್, ಅಂದರೆ ಆಮೇಲೆ ಇಳಿದ ಇನ್ನೊಂದು ಆಯತ್ತು ಅದನ್ನು ರದ್ದು ಮಾಡಿದೆ ಎಂದರು. ಉಳಿದ ಹುಡುಗರು ಗೋಲಿಯಾಡಲು ಓಡಿದರು. ನಾನು ನೇರ ಬಂದು ಆರೋಗ್ಯಮ್ಮನ ಮುಂದೆ ಕೂತೆ.

“ಆರೋಗ್ಯಮ್ಮ, ಒಂದ್ಸಲ ಕಲಿಮಾ ಹೇಳ್ಬಿಡಿ. ಒಂದೇ ಸಾಲು, ಮುಸ್ಲಿಮ್ ಆಗ್ಬಿಡ್ತೀರಿ. ಇಲ್ದಿದ್ರೆ ಜನ್ನತ್ತಲ್ಲಿ ನಿಮ್ಮನ್ನ ಒಳಗೆ ಬಿಡಲ್ಲ.”

ಅವರು ನಗಲಿಲ್ಲ. “ನಿಂಗೂ ಇದೇ ಯೋಚ್ನೆನಾ ಕಣ್ಣಾ? ನಿಮ್ಮ ದಾದಾಗೆ ಜ್ಞಾನಸ್ನಾನ ಆಗಿಲ್ವಲ್ಲ, ಸ್ವರ್ಗಕ್ಕೆ ಹೆಂಗ್ ಹೋಗ್ತಾರೆ ಅಂತ ನಾನು ವಾರವಾರ ಮೇಣದಬತ್ತಿ ಹಚ್ತಿದೀನಿ.”

ದಾದಾ ಸೂಜಿ ಕೆಳಗಿಟ್ಟು, ಆರೋಗ್ಯಮ್ಮನಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: “ಲೋ, ಹುಕುಂ ಬದಲಾಗ್ಬೋದು. ಇವತ್ತು ಹಿಂಗ್ ಮಾಡಿ, ನಾಳೆ ಹಂಗ್ ಮಾಡಿ ಅನ್ಬೋದು. ಭಯಪಡ್ಬೇಡಿ ಅಂತ ಮಾತು ಕೊಟ್ಟು ವಾಪಸ್ ತಗೊಳ್ಳೋಕೆ ಅಲ್ಲಾಹ್ ಏನು ‘ನಾಳೆ ಬಾ’ ಅನ್ನೋ ನಮ್ಮ ಪ್ರೆಸ್ಸಿನವನಾ?”

“ಹಂಗಾದ್ರೆ ಮೇಣದಬತ್ತಿ ನಿಲ್ಲಿಸ್ಲಾ ಭಾಯಿ?”

“ಬ್ಯಾಡ, ಇರ್ಲಿ.”

ದೊಡ್ಡವನಾದ ಮೇಲೆ ಓದಿ ನೋಡಿದೆ. ಆಜ್ಞೆ ರದ್ದಾಗಬಹುದು, ವಾಗ್ದಾನ ರದ್ದಾಗದು ಎಂದ ವಿದ್ವಾಂಸರಿದ್ದಾರೆ. ಈ ಆಯತ್ತಿನ ಮಟ್ಟಿಗೆ ಅದನ್ನು ಒಪ್ಪದವರೂ ಇದ್ದಾರೆ. ಇಬ್ಬರನ್ನೂ ಓದಿ ನನಗೆ ಎರಡು ಚಿಂತೆಗಳಾದವು. ಅಷ್ಟರಲ್ಲಿ ದಾದಾ ಹೋಗಿದ್ದರು. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮನೆ ಅವರ ಗೋದಾಮು.

ಹೋದ ವರ್ಷ ಆರೋಗ್ಯಮ್ಮನೂ ತೀರಿಕೊಂಡರು. ಮಣ್ಣು ಮಾಡಿ ಹೊರಟಾಗ ಅವರ ಮಗಳು ಗೇಟಿನ ಬಳಿ ತಡೆದಳು. “ಅಮ್ಮ ಪ್ರತಿ ನವೆಂಬರ್‌ನಲ್ಲಿ, ತೀರಿಹೋದವರ ಹಬ್ಬಕ್ಕೆ, ನಿಮ್ಮ ದಾದಾ ಹೆಸರಲ್ಲೂ ಚರ್ಚಲ್ಲಿ ಪೂಜೆ ಕೊಡಿಸೋರು. ಇನ್ಮೇಲೆ ನಾನು ಕೊಡಿಸ್ಲಾ ಅಣ್ಣಾ? ನಿಮ್ಮಲ್ಲಿ ತಪ್ಪಾಗಲ್ಲ ತಾನೆ?”

ನಾಲ್ಕು ಜನರನ್ನು ಕೇಳದೆ ಚಪ್ಪಲಿಯನ್ನೂ ಕೊಳ್ಳದವನು ನಾನು. “ಕೊಡಿಸಮ್ಮ” ಎಂದೆ. ಮನೆಗೆ ಬಂದು, ತೀರಿಹೋದ ನಮ್ಮವರಿಗಾಗಿ ಫಾತಿಹಾ ಓದುವಾಗ, ದಾದಾ ಹೆಸರಿನ ಪಕ್ಕದಲ್ಲಿ ಆರೋಗ್ಯಮ್ಮನ ಹೆಸರನ್ನೂ ಹೇಳಿದೆ. ಯಾವ ಹಜರತರನ್ನೂ ಕೇಳಲಿಲ್ಲ.