ಒಡೆಯ ಅಂದ್ರೆ ಕಾಯೋನು

ಮಧುಗಿರಿ ಕೋರ್ಟಿನಲ್ಲಿ ಯಾರಾದರೂ ‘ನನ್ನ ಜಮೀನು’ ಎಂದರೆ ಸಾಕು, ವಕೀಲ ಶಾಮಣ್ಣನವರು ಕನ್ನಡಕ ಹಣೆಗೇರಿಸಿ ತಮ್ಮ ಕಕ್ಷಿಗಾರನನ್ನೇ ಗದರುತ್ತಿದ್ದರು: “ಒಡೆಯ ಅಂದ್ರೆ ಒಡೆಯೋನಲ್ಲ ಕಣಯ್ಯ, ಕಾಯೋನು.” ಆಸ್ತಿ ಇದ್ದವನು ಅದರ ಟ್ರಸ್ಟಿ ಮಾತ್ರ, ಅದರಿಂದ ಒಂದು ಜೀವಕ್ಕೆ ನೋವಾದರೂ ಹೊಣೆ ಅವನದೇ. ಇದು ಅವರ ಅಹಿಂಸೆ. ವಕೀಲರು ಕೂರುವ ಬಾರ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು. ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ದಾವೆ ಗೆದ್ದ ಅಣ್ಣನನ್ನು ಸೋತ ತಮ್ಮನ ಮನೆಗೆ ಊಟಕ್ಕೆ ಎಳೆದೊಯ್ದು, ಇಬ್ಬರಿಂದಲೂ ಬೈಸಿಕೊಂಡು ಬಂದ ಮನುಷ್ಯ ಅವರು.

ಎಪ್ಪತ್ತರ ದಶಕದ ಕೊನೆಯಲ್ಲಿ ಪಾವಗಡ ರಸ್ತೆಯ ಕುರುಬರ ಹಟ್ಟಿಯೊಂದರ ಗೋಮಾಳಕ್ಕೆ ಕಲ್ಲಿನ ಕಂಪನಿ ಬಂತು. ಕುರಿ ಮೇಯುವ ಜಾಗದಲ್ಲಿ ಬಂಡೆಗೆ ಮದ್ದಿಟ್ಟಾಗ ಹಟ್ಟಿಯವರು ದೊಣ್ಣೆ ಹಿಡಿದು ಹೊರಟರು. ಶಾಮಣ್ಣನವರು ಅಡ್ಡ ನಿಂತರು. “ಕೈ ಎತ್ತಬೇಡ್ರಪ್ಪ, ಕೂತ್ಕೊಳ್ಳಿ.” ಲಾರಿಗಳ ಮುಂದೆ ತಾವೇ ಮೊದಲು ಕೂತರು. ಹಟ್ಟಿಯ ಮುಂದಾಳು ಕರಿಯಣ್ಣ ದೊಣ್ಣೆ ಎಸೆದು ಪಕ್ಕದಲ್ಲಿ ಕೂತ.

ಕಂಪನಿಯ ಮ್ಯಾನೇಜರು ನೂಲಿನ ಹಾರ ತಂದ. “ನಿಮ್ಮ ಮಾತು ಒಪ್ಪಿಗೆ ಸಾರ್. ಕ್ವಾರಿ ಒಂದು ಟ್ರಸ್ಟಿನ ಹೆಸರಲ್ಲಿರಲಿ, ಹಟ್ಟಿಯವರೇ ಕೆಲಸ ಮಾಡಲಿ, ನೀವೇ ಅಧ್ಯಕ್ಷರಾಗಿ. ನಾವು ಕಲ್ಲು ಕೊಳ್ಳೋರು, ಅಷ್ಟೇ.” ಶಾಮಣ್ಣನವರ ಕಣ್ಣಲ್ಲಿ ನೀರು. ಟ್ರಸ್ಟಿನ ಪತ್ರಕ್ಕೆ ಸಹಿ ಹಾಕಿ, ಮನುಷ್ಯರ ಮನಸ್ಸು ತಿರುಗುತ್ತೆ ನೋಡಿ ಎಂದು ಬಾರ್ ರೂಮಿಗೆಲ್ಲ ಬಾಳೆಹಣ್ಣು ಹಂಚಿದರು.

ವರ್ಷ ತುಂಬುವುದರೊಳಗೆ, ಕಂಪನಿ ಕಳಿಸಿದ್ದ ಹಳೇ ಮದ್ದು ಸಿಡಿದು ಕರಿಯಣ್ಣನ ಎರಡೂ ಕೈ ಹೋದವು. ಕಂಪನಿಯ ಉತ್ತರ ಚಿಕ್ಕದು: ಕ್ವಾರಿ ನಮ್ಮದಲ್ಲ. ಕರಿಯಣ್ಣನ ಹೆಂಡತಿ ದಾವೆ ಹೂಡಿದ್ದು ಶಾಮಣ್ಣನವರ ಮೇಲೆ.

“ಕಂಪನೀನೂ ಎಳೀರಿ ಸಾರ್, ಕೇಸು ನಾನು ನಡೆಸ್ತೀನಿ,” ಎಂದೆ.

“ಎಳೆದ್ರೆ ಅವರು ವರ್ಷಗಟ್ಟಲೆ ಎಳೀತಾರೆ. ಅಲ್ಲೀವರೆಗೂ ಅವನ ಬಾಯಿಗೆ ತುತ್ತಿಡೋರು ಯಾರು? ಕಾಯೋನು ನಾನು ಅಂತ ಸಹಿ ಹಾಕಿದೀನಲ್ಲಪ್ಪ.”

ಎದುರು ವಾದಿಸದೆ ಒಪ್ಪಿಕೊಂಡರು. ಅವರಪ್ಪ ಕಟ್ಟಿಸಿದ ಮನೆ ಹರಾಜಾಯಿತು. ಕೂಗಿ ಕೊಂಡವರು ಕಂಪನಿಯವರೇ, ತಮ್ಮ ಆಫೀಸಿಗೆ.

ಪರಿಹಾರ ಸಂದಾಯವಾದ ಮೇಲೆ ಇಬ್ಬರೂ ಹಟ್ಟಿಗೆ ಹೋದೆವು. ಹೆಂಡತಿ ಕರಿಯಣ್ಣನಿಗೆ ಮುದ್ದೆ ಉಣಿಸುತ್ತಿದ್ದಳು. ಅವನು ತುತ್ತು ನುಂಗಿ ನಿಧಾನವಾಗಿ ಹೇಳಿದ: “ಕೈ ಎತ್ತಬ್ಯಾಡಿ ಅಂದ್ರಿ ಸ್ವಾಮಿ, ಎತ್ತಲಿಲ್ಲ. ಈಗ ನಿಮ್ಗೊಂದು ಏಟು ಹಾಕಾನ ಅಂದ್ರೂ ಕೈಯೇ ಇಲ್ವಲ್ಲ.”

ಶಾಮಣ್ಣನವರು ಕೂತೇ ಇದ್ದರು. ಕೊನೆಗೆ ಅವಳೇ ಹೇಳಿದಳು: “ಎದ್ದೋಗಿ ಸ್ವಾಮಿ, ನೀವಿದ್ರೆ ಅವ್ರಿಗೆ ಮುದ್ದೆ ಇಳಿಯಾಕಿಲ್ಲ.”

ಆಮೇಲೆ ಅವರು ಪಟ್ಟನಾಯಕನಹಳ್ಳಿ ಕಡೆಯ ನೆಂಟರ ಮನೆ ಸೇರಿದರು. ಕೊನೆಯ ಸಲ ಕಂಡದ್ದು ಶಿರಾ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಸಣ್ಣಗಾಗಿದ್ದರು.

“ಕ್ವಾರಿ ನಿಂತಿತೇನಪ್ಪ?”

“ಇಲ್ಲ ಸಾರ್. ಹೊಸ ಟ್ರಸ್ಟ್ ಮಾಡಿದಾರೆ. ರಿಟೈರಾದ ಮೇಷ್ಟ್ರೊಬ್ಬರು ಅಧ್ಯಕ್ಷರು.”

“ಒಳ್ಳೆಯವರೇ?”

“ತುಂಬಾ ಒಳ್ಳೆಯವರು ಸಾರ್.”

ಅವರ ಬಸ್ಸು ಬಂತು, ಜನ ಹತ್ತಿದರು, ಹೊರಟೂ ಹೋಯಿತು. ಶಾಮಣ್ಣನವರು ಏಳಲಿಲ್ಲ.