ಸಿಸ್ಟರಜ್ಜಿ ಮತ್ತು ಲೆಕ್ಕಕ್ಕಿಲ್ಲದ ಪಂದ್ಯ

ಅವರು ಗಡಿಯಾರವನ್ನು ಕೈಗೆ ಕಟ್ಟುತ್ತಿರಲಿಲ್ಲ. ಎಡಭುಜದ ಕೆಳಗೆ, ಸೆರಗಿಗೆ ಪಿನ್ನು ಚುಚ್ಚಿ ತಲೆಕೆಳಗಾಗಿ ತೂಗುಬಿಟ್ಟಿರುತ್ತಿದ್ದರು. ಹೊತ್ತು ನೋಡಬೇಕೆಂದರೆ ಎರಡು ಬೆರಳಲ್ಲಿ ಅದನ್ನು ಎತ್ತಿ, ಗಲ್ಲವನ್ನು ಎದೆಗೆ ತಾಗಿಸುತ್ತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಲಿಫ್ಟಿನಲ್ಲಿ ಅವರ ಪಕ್ಕ ನಿಂತವರು ತಮಗೇ ಗೊತ್ತಿಲ್ಲದಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಮಲಯ್ ನಾಡಿನ ಸುಬಾಂಗ್ ಜಯಾದಲ್ಲಿ ಅವರದು ನಮ್ಮ ಎದುರು ಮನೆ. ನಾವು ಮೈಸೂರಿನಿಂದ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಶಾಲೆಗೆ ತಡವಾಯಿತೆಂದು ಬಾಗಿಲಲ್ಲಿ ಮಗಳನ್ನು ಗದರಿಸುತ್ತಿದ್ದೆ. ಎದುರು ಬಾಗಿಲು ತೆರೆಯಿತು. "ಮಗುವಿಗೆ ಎಂತಕ್ಕೆ ಬೈತಿ ಮಾರಾಯ್ತಿ? ನಿನ್ನ ಕಾಲಲ್ಲೇ ಎರಡು ಬಣ್ಣದ ಚಪ್ಪಲಿ ಉಂಟು" ಎಂದಿತು ಅಚ್ಚ ಕರಾವಳಿಯ ಕನ್ನಡ. ಬಗ್ಗಿ ನೋಡಿದೆ, ನಿಜ. ಅಪರಿಚಿತ ದೇಶದಲ್ಲಿ ನಾನು ಮೊದಲ ಸಲ ಮನಸಾರೆ ನಕ್ಕದ್ದು ಅಂದೇ.

ಅವರ ತಂದೆ ಎರಡನೇ ಮಹಾಯುದ್ಧಕ್ಕಿಂತ ಮೊದಲೇ ಉಡುಪಿಯ ಕಡೆಯಿಂದ ಇಲ್ಲಿಗೆ ಗುಮಾಸ್ತರಾಗಿ ಬಂದವರು. ಇವರು ಹುಟ್ಟಿದ್ದು ಇಲ್ಲೇ. ಅಮ್ಮನಿಂದ ಕಲಿತ ಕನ್ನಡವನ್ನು ಹಾಗೆಯೇ ಉಳಿಸಿಕೊಂಡಿದ್ದರು, ಮಾತಿನ ಕೊನೆಗೆ ಅಲ್ಲಲ್ಲಿ ಇಲ್ಲಿನವರ ಒಂದು 'ಲಾ' ಸೇರಿಕೊಂಡಿತ್ತು ಅಷ್ಟೆ. ಮದುವೆಯಾಗಿರಲಿಲ್ಲ. ನನ್ನ ಮಗಳು ಅವರನ್ನು ಸಿಸ್ಟರಜ್ಜಿ ಎಂದು ಕರೆದಳು, ಮುಂದೆ ನಮ್ಮೆಲ್ಲರಿಗೂ ಅವರು ಅದೇ ಆದರು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ದೂರದ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ. ವಾರದ ಕೊನೆಗೆ ಮಾತ್ರ ಮನೆಗೆ ಬರುತ್ತಿದ್ದರು. ಉಳಿದ ದಿನ ಎರಡೂ ಮನೆ ಸೇರಿ ನಾವು ಮೂವರೇ.

ಸಿಸ್ಟರಜ್ಜಿಗೆ ಇಂಗ್ಲೆಂಡಿನ ಫುಟ್‌ಬಾಲ್ ಎಂದರೆ ಹುಚ್ಚು. ಶನಿವಾರ ಸಂಜೆ ಟಿ.ವಿ. ಮುಂದೆ ಕೂತರೆ ಯಾರು ಕರೆದರೂ ಏಳುತ್ತಿರಲಿಲ್ಲ. ಆದರೆ ಆಟಗಾರನೊಬ್ಬ ಬಿದ್ದು ನೆಲದಲ್ಲೇ ಉಳಿದನೋ, ತಟ್ಟನೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅಲ್ಲಿಂದಲೇ "ಎದ್ದನಾ?" ಎಂದು ಕೇಳುತ್ತಿದ್ದರು. ನಾವು "ಎದ್ದ" ಎನ್ನುವವರೆಗೂ ಈಚೆ ಬರುತ್ತಿರಲಿಲ್ಲ. ಅಂಕಪಟ್ಟಿ ಬಂದಾಗ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ನಡುವಿನ ಸಾಲುಗಳಿಗೆ. "ಮೇಲಿನವರನ್ನು ಎಲ್ಲರೂ ನೋಡ್ತಾರೆ, ಕೆಳಗಿನವರಿಗಾಗಿ ಎಲ್ಲರೂ ಅಳ್ತಾರೆ. ನಡುವಿನವರನ್ನು ಕೇಳುವವರು ಯಾರು ಹೇಳು?" ಎನ್ನುತ್ತಿದ್ದರು. ವಯಸ್ಸಾದವರ ಚಾಳಿ ಎಂದುಕೊಳ್ಳುತ್ತಿದ್ದೆ ನಾನು. ಮಗಳಿಗೆ ಆಟದ ಗೀಳು ಹತ್ತಿದ್ದೂ ಅವರಿಂದಲೇ. ಹನ್ನೆರಡು ತುಂಬುವಷ್ಟರಲ್ಲಿ ಶಾಲೆಯ ಹುಡುಗಿಯರ ತಂಡ ಸೇರಿದ್ದಳು.

ಒಂದು ಬುಧವಾರ ಅಭ್ಯಾಸದ ಹೊತ್ತಿನಲ್ಲಿ ಚೆಂಡಿಗೆ ಹಾರುವಾಗ ಅವಳ ತಲೆಗೂ ಇನ್ನೊಬ್ಬ ಹುಡುಗಿಯ ತಲೆಗೂ ಢಿಕ್ಕಿಯಾಯಿತು. ಟೀಚರು ಐಸ್ ಇಟ್ಟು, ನನಗೆ ಫೋನ್ ಮಾಡಿ, ಶಾಲೆಯ ವ್ಯಾನಿನಲ್ಲಿ ಕಳಿಸಿದರು. ಅವಳೇ ಬ್ಯಾಗು ಹೊತ್ತುಕೊಂಡು ನಗುತ್ತಾ ಮನೆಯೊಳಗೆ ಬಂದಳು. ಕಿವಿಯ ಮೇಲೆ ಒಂದು ಬುಗುಟೆ, ಅಷ್ಟೇ. ಸಿಸ್ಟರಜ್ಜಿ ಕೆಳಗಿನ ಮಾಮಕ್ ಹೋಟೆಲಿನಿಂದ ಪರೋಟದಂಥ ರೋಟಿ ಚನಾಯ್ ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿಕೊಂಡು, ಬಂದಿದ್ದರು. ಮೂವರೂ ತಿನ್ನಲು ಕೂತೆವು.

"ಅಮ್ಮಾ, ಪಪ್ಪ ಟುಡೇ ಕಮಿಂಗಾ?" ಎಂದಳು.

"ಇಲ್ಲ ಪುಟ್ಟಾ, ಶುಕ್ರವಾರ."

ಒಂದು ತುಂಡು ತಿಂದಳು. "ಅಮ್ಮಾ, ಪಪ್ಪ ಟುಡೇ ಕಮಿಂಗಾ?"

ನನಗೆ ನಗು ಬಂತು. "ನೋಡಿ ಸಿಸ್ಟರಜ್ಜಿ, ಅಪ್ಪನ ಮೇಲೆ ಎಷ್ಟು ಪ್ರೀತಿ!" ಎಂದು ತಿರುಗಿದೆ.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಎಂಬತ್ತು ದಾಟಿದ ಹೆಂಗಸು ಕುರ್ಚಿಯಿಂದಿಳಿದು ನೆಲಕ್ಕೆ ಮೊಣಕಾಲೂರಿ ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು ಕೂತರು. "ನಾನು ಎಂತ ತಂದೆ ಇವತ್ತು? ಹೇಳು ಮಗಾ." ಮಗಳು ತನ್ನ ಕೈಯಲ್ಲಿದ್ದ ರೊಟ್ಟಿಯನ್ನು ಅದೇನೆಂದು ತಿಳಿಯದವಳಂತೆ ನೋಡಿದಳು.

"ಕಾರಿನ ಕೀ ತಗೋ" ಎಂದರು ನನಗೆ.

"ಯಾಕೆ, ಏನಾಯ್ತು?"

"ಮಾತು ಬೇಡ. ಈಗ ಹೊರಡು ಲಾ!"

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ಎದೆಗಾನಿಸಿಕೊಂಡು ಮಾತಾಡಿಸುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ನಮ್ಮನ್ನು ಸರದಿಯಲ್ಲಿ ಕೂರಲು ಹೇಳಿದರು. ಆಗ ಸಿಸ್ಟರಜ್ಜಿ ಇಂಗ್ಲಿಷಿನಲ್ಲಿ ಕೂಗಿದ್ದು ಇಡೀ ಹಜಾರಕ್ಕೆ ಕೇಳಿಸಿತು. ಅವರ ದನಿ ಅಷ್ಟು ಏರಿದ್ದನ್ನು ನಾನು ಮೊದಲಾಗಲಿ ಆಮೇಲಾಗಲಿ ಕೇಳಿಲ್ಲ. ಬಾಗಿಲು ತೆರೆಯಿತು. ಸ್ಕ್ಯಾನ್ ಕೋಣೆಗೆ ಹೋಗುವಾಗಲೇ ಮಗಳು ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದಳು. ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ಸೋರಿ ತುಂಬಿಕೊಳ್ಳುತ್ತಿತ್ತು. ಕೂಡಲೇ ಆಪರೇಷನ್ ಆಯಿತು. ಮುಗಿಸಿ ಹೊರಬಂದ ಡಾಕ್ಟರು, "ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮರುದಿನ ಮಧ್ಯಾಹ್ನ ಮಗಳು ಕಣ್ಣು ತೆರೆದು ನೀರು ಕೇಳಿದಳು. ಬಯಾನ್ ಲೆಪಾಸ್‌ನಿಂದ ಓಡಿ ಬಂದಿದ್ದ ನನ್ನ ಗಂಡ ಅವಳ ಪಕ್ಕ ಕೂತರು. ನಾನು ಹೊರಗೆ ಬಂದು ಸಿಸ್ಟರಜ್ಜಿಯ ಎರಡೂ ಕೈ ಹಿಡಿದುಕೊಂಡು ಅತ್ತೆ. ಅವರು ಅಳಲಿಲ್ಲ. "ಕೂತುಕೋ. ನಿನಗೆ ಒಂದು ಮಾತು ಹೇಳ್ಬೇಕು" ಎಂದರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ನರ್ಸಿಂಗ್ ಕಲಿಯಲು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದರಂತೆ. ಉತ್ತರದ ಒಂದು ಗಿರಣಿ ಊರು. ಯುದ್ಧ ಮುಗಿದು ಹತ್ತು ವರ್ಷ ಕಳೆದಿದ್ದರೂ ಸುಟ್ಟ ಮನೆಗಳ ಗೋಡೆಗಳು ಹಾಗೇ ನಿಂತಿದ್ದವು. ಅಲ್ಲಿನವರ ಇಂಗ್ಲಿಷು ಇವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಗಂಡಸರ ವಾರ್ಡಿನ ರೋಗಿಗಳೇ ಕಲಿಸಿದರು, ಫುಟ್‌ಬಾಲಿನ ಮೂಲಕ. ಸೋಮವಾರ ಬೆಳಿಗ್ಗೆ ಊರಿನ ತಂಡ ಏನು ಮಾಡಿತೆಂದು ಇವರು ಹೇಳದಿದ್ದರೆ ಥರ್ಮಾಮೀಟರಿಗೆ ಬಾಯಿಯನ್ನೇ ತೆರೆಯುತ್ತಿರಲಿಲ್ಲವಂತೆ ಆ ಮುದುಕರು!

ಊರಿನ ತಂಡ ದೇಶದ ಮೊದಲ ದರ್ಜೆಯಲ್ಲಿತ್ತು. ಆ ವರ್ಷ ಒಂದು ವಾರ ಗೆದ್ದರೆ ಮುಂದಿನ ವಾರ ಸೋಲುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಎಲ್ಲವೂ ತೀರ್ಮಾನವಾಗಿಹೋಗಿತ್ತು. ಮೇಲಕ್ಕೆ ಹೋಗುವ ಆಸೆಯಿಲ್ಲ, ಕೆಳಗಿನ ದರ್ಜೆಗೆ ಬೀಳುವ ಭಯವೂ ಇಲ್ಲ. ಉಳಿದ ಪಂದ್ಯಗಳನ್ನು ಸುಮ್ಮನೆ ಆಡಿ ಮುಗಿಸಬೇಕಿತ್ತು. ಅಂಥ ಒಂದು ಪಂದ್ಯಕ್ಕೆ, ಹೇಗೂ ನಷ್ಟವಿಲ್ಲವೆಂದು, ಇಪ್ಪತ್ತೊಂದು ವರ್ಷದ ಹೊಸ ಹುಡುಗನನ್ನು ಇಳಿಸಿದರು.

"ಮಳೆಗೆ ನೆನೆದ ತೊಗಲಿನ ಚೆಂಡು ಅಂದ್ರೆ ಕಲ್ಲೇ. ಅದಕ್ಕೆ ಹಾರಿದವ ಇನ್ನೊಬ್ಬನ ತಲೆಗೆ ಬಡಿದು ಬಿದ್ದ. ಆಗ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಇರ್ಲಿಲ್ಲ. ಹಣೆಗೆ ಬಟ್ಟೆ ಕಟ್ಟಿ ಮತ್ತೆ ಆಡಿಸಿದ್ರು. ಮುಗಿದ ಮೇಲೆ ಹೊಲಿಗೆ ಹಾಕಿಸ್ಲಿಕ್ಕೆ ನಮ್ಮಲ್ಲಿಗೆ ಕಳಿಸಿದ್ರು. ಗಾಯ ತೊಳೆದವಳು ನಾನು."

ಗಾಯ ತೊಳೆಯುವಾಗ ಅವನು ಕೇಳಿದನಂತೆ, ನೀನು ಎಲ್ಲಿಂದ ಬಂದವಳು? ಮಲಯಾದಿಂದ ಎಂದರು ಇವರು, ಈ ದೇಶಕ್ಕೆ ಆಗ ಅದೇ ಹೆಸರು. ಅಯ್ಯೋ, ಅಷ್ಟು ದೂರದಿಂದಲೇ ಎಂದು ಅಚ್ಚರಿಪಟ್ಟ. ಹತ್ತಿ ಬದಲಿಸಿ ಬರುವಷ್ಟರಲ್ಲಿ, ನೀನು ಎಲ್ಲಿಂದ ಬಂದವಳು? ಮತ್ತೆ ಅದೇ ಅಚ್ಚರಿ. ಹೊಲಿಗೆ ಮುಗಿದ ಮೇಲೆ ಇನ್ನೊಮ್ಮೆ.

"ಆ ಊರಿನಲ್ಲಿ ನನ್ನನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಚೆಂದದ ಹುಡುಗ. ನನ್ನ ಹತ್ರ ಮಾತಾಡ್ಲಿಕ್ಕೆ ನೆವ ಮಾಡ್ತಿದ್ದಾನೆ ಅಂತ ಎಣಿಸಿದೆ. ನನಗೆ ಖುಷಿಯಾಯ್ತು, ನಕ್ಕುಬಿಟ್ಟೆ. ಡಾಕ್ಟರು ಮನೆಗೆ ಹೋಗು ಅಂದ್ರು. ಬಾಗಿಲ ತನಕ ಹೋಗಿ ತಿರುಗಿ ನೋಡಿ ಕೈ ಬೀಸಿದ. ಮರುದಿನ ಬೆಳಿಗ್ಗೆ ಚಹಾ ಕೊಡ್ಲಿಕ್ಕೆ ಹೋದ, ಅವನಿದ್ದ ಬಾಡಿಗೆಮನೆಯ ಒಡತಿಗೆ ಸಿಕ್ಕಿದ್ದು ಹೆಣ."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅದು ದಾಟಿದ ಮೇಲೆ ಅವರೇ ಮುಂದುವರಿಸಿದರು.

"ಅವನು ಬರ್ತಾನೆ, ಗೊತ್ತುಂಟಾ? ದೆವ್ವದ ಹಾಗೆ ಅಲ್ಲ. ಇಲ್ಲಿಯ ವಾರ್ಡಿನಲ್ಲಿ ಚೀನೀ ಮುದುಕಿಯೋ, ಮಲಯ್ ಡ್ರೈವರೋ ಒಂದೇ ಮಾತು ಎರಡು ಸಲ ಕೇಳಿದ್ರೆ ಅದು ಅವನ ದನಿ. ನಿನ್ನೆ ನಿನ್ನ ಮಗಳ ಬಾಯಲ್ಲಿ ಬಂದ. ನಾನು ಮುದುಕಿಯಾದೆ, ಅವನಿಗೆ ಇನ್ನೂ ಇಪ್ಪತ್ತೊಂದೇ."

ನನಗೆ ಮನಸ್ಸು ತಡೆಯಲಿಲ್ಲ. ಮಗಳನ್ನು ಉಳಿಸಿದ ಡಾಕ್ಟರನ್ನೇ ಹೋಗಿ ವಿಚಾರಿಸಿದೆ. ಆ ಕಾಲದಲ್ಲಿ, ಸ್ಕ್ಯಾನ್ ಇಲ್ಲದ ಸಣ್ಣ ಊರಿನಲ್ಲಿ, ಗೊತ್ತಾಗಿದ್ದರೂ ಅವನು ಉಳಿಯುವುದು ಕಷ್ಟವಿತ್ತು ಎಂದರು ಅವರು. ದೊಡ್ಡ ಸಮಾಧಾನ ತಂದವಳಂತೆ ಅದನ್ನು ಸಿಸ್ಟರಜ್ಜಿಗೆ ಹೇಳಿದೆ. ಅವರು ನನ್ನ ಕೆನ್ನೆ ಸವರಿದರು.

"ಅದು ನನಗೆ ಗೊತ್ತುಂಟು ಮಾರಾಯ್ತಿ. ಜನ್ಮವೆಲ್ಲ ಅದೇ ಕೆಲಸ ಮಾಡಿದವಳು ನಾನು. ಆದ್ರೆ ನಾನು ನಕ್ಕಿದ್ದೆ."



ಆಮೇಲೆ ಒಮ್ಮೆ ಅವರು ಟಿ.ವಿ.ಯಲ್ಲಿ ಬೆರಳಿಟ್ಟು ತೋರಿಸಿದ ಆ ಊರಿನ ತಂಡದ ಚರಿತ್ರೆಯನ್ನು ಫೋನಿನಲ್ಲಿ ಹುಡುಕಿದೆ. ನಾನು ತೆರೆದ ಪುಟದಲ್ಲಿ ಆ ವರ್ಷದ ಬಗ್ಗೆ ಇದ್ದದ್ದು ಒಂದೇ ಸಾಲು. ತಂಡ ಅಂಕಪಟ್ಟಿಯ ನಡುವೆ ಉಳಿಯಿತು, ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ ಎಂದು. ನಾನು ಅದನ್ನು ಅವರಿಗೆ ತೋರಿಸಲಿಲ್ಲ.

ಸಿಸ್ಟರಜ್ಜಿ ಮುಂದೆ ಎರಡು ವರ್ಷ ಬದುಕಿದ್ದರು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ನಾನಿದ್ದೆ. ಆಗಲೂ ಚಿಕ್ಕ ನರ್ಸುಗಳಿಗೆ ದಿಂಬು ಸರಿಯಾಗಿ ಇಡುವುದನ್ನು ಹೇಳಿಕೊಡುತ್ತಿದ್ದರು. ಒಂದು ಬೆಳಿಗ್ಗೆ ಕಿಟಕಿಯ ಪರದೆ ಸರಿಸಲು ಹೇಳಿದರು. ನಾನು ಸರಿಸಿ ತಿರುಗುವಷ್ಟರಲ್ಲಿ ಉಸಿರು ನಿಂತಿತ್ತು. ಬಂಧುಗಳು ಬೆರಳೆಣಿಕೆಯಷ್ಟು. ನನ್ನ ಗಂಡನೇ ಮುಂದೆ ನಿಂತು ಕಾರ್ಯ ಮಾಡಿದರು.

ಮೊನ್ನೆ ಅವರ ವರ್ಷದ ದಿನ. ದೇವರ ಮುಂದೆ ಅವರ ಹೆಸರಲ್ಲಿ ದೀಪ ಹಚ್ಚಿದೆ, ಪಕ್ಕದಲ್ಲೇ ಇನ್ನೊಂದು ಹಚ್ಚಿದೆ. ಆ ಹುಡುಗನ ಹೆಸರನ್ನು ಸಿಸ್ಟರಜ್ಜಿ ಕೊನೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಆ ಸೆಕೆಂಡ್ ಒನ್ ಯಾರಿಗೆ?" ಎಂದಳು ಮಗಳು.

ಅದುವರೆಗೆ ಅವಳಿಗೆ ಹೇಳಿರಲಿಲ್ಲ. ಅಂದು ಕೂರಿಸಿಕೊಂಡು ಎಲ್ಲ ಹೇಳಿದೆ. ಆಮೇಲೆ ಎದ್ದು ಫ್ಯಾನ್ ಆರಿಸಿ, ಆ ಸೆಖೆಯಲ್ಲೇ, ಎರಡೂ ದೀಪಗಳು ತಾವಾಗಿ ಆರುವವರೆಗೆ ನನ್ನ ಪಕ್ಕ ಕೂತಿದ್ದಳು.