ಟೈಪಿಂಗ್ ಮೇಡಂ ಮತ್ತು ಅಕ್ಷರ ಸವೆದ ಲ್ಯಾಪ್‌ಟಾಪ್

ಟೈಪಿಂಗ್ ಮೇಡಂ ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿದರು. ಅಷ್ಟೂ ವರ್ಷ ಅವರು ಕಲಿಸಿದ್ದು ಎರಡೇ ಪಾಠ ಎಂದು ಅವರ ಕೈಯಲ್ಲಿ ಪಳಗಿದವರು ಹೇಳುತ್ತಾರೆ. ಒಂದು, ಮೂಗು ಮತ್ತು ಮಷೀನಿನ ನಡುಮಧ್ಯ ಒಂದೇ ಗೆರೆಯಲ್ಲಿರಬೇಕು. ಎರಡು, ಕೀಲಿ ನೋಡಬಾರದು, ಮಷೀನು ನೋಡಬಾರದು, ಪಕ್ಕದಲ್ಲಿಟ್ಟ ಕಾಗದ ಮಾತ್ರ ನೋಡಬೇಕು. ಕಳ್ಳಗಣ್ಣಿನಿಂದ ಕೀಲಿ ನೋಡುವವರಿಗಾಗಿ ಅವರು ಕೀಲಿಗಳ ಮೇಲೆಲ್ಲ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿಟ್ಟಿದ್ದರು. ಆಮೇಲೂ ಬಗ್ಗಿ ನೋಡುವವರಿಗೆ ಮರದ ರೂಲುದೊಣ್ಣೆ ಇತ್ತು. ಅದನ್ನು ಅವರು ಯಾರ ಮೇಲೂ ಬೀಸಲಿಲ್ಲ, ಮೇಜಿನ ಮೇಲೆ ಇಡುತ್ತಿದ್ದರು ಅಷ್ಟೆ. ಅಷ್ಟಕ್ಕೇ ಬೆನ್ನುಗಳು ತಾವಾಗಿ ನೆಟ್ಟಗಾಗುತ್ತಿದ್ದವು.

ಕಲಿಯುವವರು ಒಬ್ಬೊಬ್ಬರಾಗಿ ಕಂಪ್ಯೂಟರಿನ ಕಡೆ ಹೋದ ಮೇಲೆ ಕ್ಲಾಸು ಮುಚ್ಚಿತು. ಹದಿನಾಲ್ಕು ಮಷೀನುಗಳನ್ನು ಗುಜರಿ ಅಂಗಡಿಯವನು ತೂಕಕ್ಕೆ ಹಾಕಿಕೊಂಡು ಹೋದ. ಅವನೂ ಒಂದು ಕಾಲದಲ್ಲಿ ಇವರ ಹತ್ತಿರ ಮೂರು ತಿಂಗಳು ಕಲಿತು ಓಡಿಹೋದವನೇ. ಅವನು ಗಾಡಿ ತಂದು ನಿಲ್ಲಿಸಿದಾಗ ಮೇಡಂ ಕೊನೆಯ ಮಷೀನಿಗೆ ಎಣ್ಣೆ ಬಿಡುತ್ತಿದ್ದರು.

“ತೂಕಕ್ಕೆ ಹೋಗೋ ಮಷೀನಿಗೆ ಎಣ್ಣೆ ಯಾಕೆ ಮೇಡಂ?” ಎಂದು ಕೇಳಿದ.

“ನಮ್ಮ ಮನೆಯಿಂದ ಕಿರುಗುಟ್ಟಿಕೊಂಡು ಹೋಗಬಾರದು” ಎಂದರು ಮೇಡಂ.

ಇನ್ನು ಅವರ ಯಜಮಾನರ ವಿಷಯ. ಯಜಮಾನರು ಎನ್ನುವುದು ಬಾಯಿಮಾತಿಗೆ. ಮನೆಯಲ್ಲಿ ಯಜಮಾನಿಕೆ ಯಾರದು ಎಂಬ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಬಡ್ತಿಗೆ ಟೈಪಿಂಗ್ ಪರೀಕ್ಷೆ ಪಾಸಾಗಬೇಕೆಂದು ಮೇಡಂ ಕ್ಲಾಸಿಗೆ ಸೇರಿದ್ದರು. ಎರಡು ಸಲ ಡುಮ್ಕಿ ಹೊಡೆದರು. ಮೂರನೆಯ ಸಲ ಪರೀಕ್ಷೆಗೆ ಕಟ್ಟುವುದನ್ನು ಬಿಟ್ಟು ನೇರವಾಗಿ ಮೇಡಂ ಅವರನ್ನೇ ಮದುವೆಗೆ ಕೇಳಿದರು. ಅವರಿಗೆ ಬೆರಳು ಓಡುತ್ತಿರಲಿಲ್ಲ, ನಾಲಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ತರಕಾರಿ ತರಲು ಹೋದರೆ ತರಕಾರಿಯವಳ ಮೂರು ತಲೆಮಾರಿನ ಕಥೆ ಕೇಳಿ, ತಮ್ಮ ನಾಲ್ಕು ತಲೆಮಾರಿನದು ಹೇಳಿ, ತರಕಾರಿ ಅಲ್ಲೇ ಮರೆತು ಬರುವ ಆಸಾಮಿ.

ಆ ಮನುಷ್ಯನಿಗೆ ಏಳು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. “ಬುದ್ಧಿ ಪೂರ್ತಿ ಸರಿಯಾಗಿದೆ. ನಾಲಿಗೆಗೆ ಸುದ್ದಿ ಮುಟ್ತಾ ಇಲ್ಲ, ಅಷ್ಟೆ” ಎಂದರು ಡಾಕ್ಟರು. ಡಾಕ್ಟರಿಗೆ ಅದು ‘ಅಷ್ಟೆ’.

ಮನೆಗೆ ಬಂದ ಎರಡನೆಯ ವಾರದಿಂದ ಯಜಮಾನರು ಒಂದೇ ಸನ್ನೆ ಮಾಡತೊಡಗಿದರು. ಎಡಗೈಯಿಂದ ಕಿವಿ ಮುಟ್ಟಿಕೊಳ್ಳುವುದು, ಆಮೇಲೆ ಅಡುಗೆಮನೆಯ ಕಡೆ ಕೈ ತೋರಿಸುವುದು. ಮೇಡಂ ತಕ್ಷಣ ಅರ್ಥ ಮಾಡಿಕೊಂಡರು. ಕಿವಿ ನೋವು, ಅಡುಗೆಮನೆಯಲ್ಲಿ ಎಣ್ಣೆ. ಒಂದು ಚಮಚ ಎಣ್ಣೆ ಬೆಚ್ಚಗೆ ಮಾಡಿ ತಂದು, ತಲೆ ವಾಲಿಸಿ, ಎರಡು ತೊಟ್ಟು ಬಿಟ್ಟರು. ಯಜಮಾನರು ಕಣ್ಣು ಮುಚ್ಚಿಕೊಂಡರು. ಹಿತವಾಯಿತು ಅಂದುಕೊಂಡರು ಮೇಡಂ. ಮಾರನೆಯ ದಿನ ಮತ್ತೆ ಅದೇ ಸನ್ನೆ, ಮತ್ತೆ ಎಣ್ಣೆ. ಕಿವಿ ಡಾಕ್ಟರಿಗೂ ತೋರಿಸಿದ್ದಾಯಿತು. ಅವರು ದೀಪ ಹಾಕಿ ನೋಡಿ, “ಎಣ್ಣೆ ಬಿಟ್ಟರೆ ಇಲ್ಲಿ ಬೇರೇನೂ ಇಲ್ಲ” ಎಂದು ಕಳಿಸಿದರು.

ಹಾಗಾದರೆ ಬೇಕಾದ್ದು ಏನು? ಮೇಡಂ ಒಂದು ನೋಟುಬುಕ್ಕಿನಲ್ಲಿ ತಮ್ಮ ಊಹೆಗಳನ್ನೆಲ್ಲ ಬರೆದು, ಒಂದೊಂದನ್ನೂ ಜೋರಾಗಿ ಕೂಗಿ ಕೇಳಿದರು. ಟೋಪಿ ಬೇಕಾ? ಕುಕ್ಕರ್ ಸದ್ದು ಜಾಸ್ತಿಯಾಯ್ತಾ? ಕಾಫಿನಾ? ನಲವತ್ತಮೂರು ಊಹೆ ಮುಗಿದರೂ ಯಜಮಾನರ ತಲೆ ಅಡ್ಡಡ್ಡವೇ ಆಡಿತು. ಬೇರೇನೂ ತೋಚದೆ ಮೇಡಂ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಕಾಗದದ ಮೇಲೆ ಬರೀ ಗೀಚು. ಮೊಬೈಲು ಕೊಟ್ಟರೆ ನಡುಗುವ ಬೆರಳು ಒಂದು ಅಕ್ಷರಕ್ಕೆ ನಾಲ್ಕು ಒತ್ತುತ್ತಿತ್ತು. ಮೂರನೆಯ ದಿನ ಮೊಬೈಲು ಗೋಡೆಗೆ ಬಡಿಯಿತು.

ಇದೆಲ್ಲ ಮೇಡಂ ತಡೆದುಕೊಂಡರು. ತಡೆಯಲಾಗದ್ದು ಆಮೇಲಿನದು. ಹತ್ತು ದಿನದಿಂದ ಯಜಮಾನರು ಸನ್ನೆ ಮಾಡುವುದನ್ನೇ ನಿಲ್ಲಿಸಿದ್ದರು. ಊಟ ಕೊಟ್ಟರೆ ಬಾಯಿ ತೆರೆಯುವುದು, ಮಲಗಿಸಿದರೆ ಮಲಗುವುದು, ಗೋಡೆ ನೋಡುವುದು. ಮೇಡಂಗೆ ನಿಜವಾಗಿ ಹೆದರಿಕೆಯಾಯಿತು. ಜೀವಮಾನವಿಡೀ ಮಾತಾಡಿದ ಮನುಷ್ಯ ಹೇಳುವ ಆಸೆಯನ್ನೇ ಬಿಟ್ಟರೆ ಉಳಿಯುವುದೇನು? ಹನ್ನೊಂದನೆಯ ದಿನ ಬೆಳಿಗ್ಗೆ ಅವರು ಚೀಲ ಹಿಡಿದು ಗುಜರಿ ಅಂಗಡಿಗೆ ನಡೆದರು.

“ಕೀಲಿ ದೊಡ್ಡದಾಗಿರಬೇಕು, ಮೆತ್ತಗಿರಬೇಕು” ಎಂದರು.

ಅಂಗಡಿಯವನು ರೂಢಿಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡ. ಯಾವುದೋ ಆಫೀಸಿನವರು ಎಸೆದ ಲ್ಯಾಪ್‌ಟಾಪುಗಳ ರಾಶಿಯಿಂದ ಅಗಲವಾದದ್ದೊಂದನ್ನು ಎಳೆದು ಧೂಳು ಒರೆಸಿದ. “ಇದೊಂದಿದೆ ಮೇಡಂ. ಆದ್ರೆ ಕೀಲಿ ಮೇಲಿನ ಅಕ್ಷರ ಎಲ್ಲ ಸವೆದುಹೋಗಿದೆ.”

“ಒಳ್ಳೇದೇ ಆಯ್ತು.”

“ಹಳೇ ಮಾಲೀಕನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು. ಒಂದು ವಾರ ಬಿಡಿ, ಮಾಡಿಕೊಡ್ತೀನಿ.”

“ಒಂದು ವಾರ ಆಗಲ್ಲ. ಹೇಗೆ ಅಂತ ಬರೆದುಕೊಡು, ನಾನೇ ಮಾಡ್ತೀನಿ.”

ಅವನು ಒಂದು ಪೆನ್‌ಡ್ರೈವ್ ಕೊಟ್ಟ, ರಸೀದಿಯ ಹಿಂದೆ ಹನ್ನೊಂದು ಹಂತ ಬರೆದುಕೊಟ್ಟ. ಮೇಡಂ ಅದರಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿಸಿಕೊಂಡು ಮನೆಗೆ ಬಂದರು.

ಊಟದ ಮೇಜು ಒರೆಸಿ ಲ್ಯಾಪ್‌ಟಾಪ್ ಇಟ್ಟರು. ಕುರ್ಚಿ ಎಳೆದು ಮೂಗನ್ನು ಮಷೀನಿನ ನಡುಮಧ್ಯಕ್ಕೆ ತಂದರು. ರಸೀದಿಯನ್ನು ಎಡಕ್ಕೆ ಲೋಟಕ್ಕೆ ಒರಗಿಸಿ ನಿಲ್ಲಿಸಿದರು. ಪೆನ್‌ಡ್ರೈವ್ ಚುಚ್ಚಿ, ಶುರುವಾಗುವಾಗ ಒತ್ತಬೇಕಾದ ಕೀಲಿ ಒತ್ತಿ, ಭಾಷೆ ಆರಿಸಿ, ನಾಲ್ಕನೆಯ ಹಂತದವರೆಗೆ ನೀರು ಕುಡಿದಂತೆ ಹೋದರು. ಐದನೆಯದರಲ್ಲಿ ಪರದೆ ಕೇಳಿತು: ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ?

ಮೇಡಂ ಒಂದು ಗಳಿಗೆ ಕೈ ತಡೆದರು. ಯಾರದೋ ವರ್ಷಗಟ್ಟಲೆ ದುಡಿಮೆ ಒಳಗಿತ್ತು. ಕೀಲಿಗಳನ್ನು ಸವರಿ ನೋಡಿದರೆ ಎಲ್ಲಕ್ಕಿಂತ ನುಣ್ಣಗಾಗಿದ್ದುದು ಅಳಿಸುವ ಕೀಲಿ. ಅಂದರೆ ಆ ಪುಣ್ಯಾತ್ಮ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಇವರ ಮಷೀನುಗಳಲ್ಲಿ ಅಂಥ ಕೀಲಿಯೇ ಇರಲಿಲ್ಲ. ತಪ್ಪಿದರೆ ಹಾಳೆ ಬದಲಿಸಬೇಕಿತ್ತು. ಇಷ್ಟು ಅಳಿಸಿದವನಿಗೆ ಇನ್ನೊಂದು ಸಲ ಅಳಿಸಿದರೆ ಬೇಸರವಾಗಲಾರದು ಎಂದು ತೀರ್ಮಾನಿಸಿ ‘ಹೌದು’ ಒತ್ತಿದರು.

ಆರನೆಯ ಹಂತ ಹೆಸರು. ಏಳನೆಯದು ಪಾಸ್‌ವರ್ಡ್, ಎರಡು ಸಲ. ಮೇಡಂ ಕಣ್ಣನ್ನು ರಸೀದಿಯ ಮೇಲಿಟ್ಟು, ಪರದೆಯ ಕಡೆ ತಿರುಗಿಯೂ ನೋಡದೆ, ಮಳೆಗಾಲದ ಹೆಂಚಿನ ಸದ್ದಿನಂತೆ ಪಟಪಟನೆ ಟೈಪು ಮಾಡಿದರು. ಎರಡು ಸಲವೂ ಒಂದೇ ಬಂದಿದೆಯೆಂದು ಮಷೀನು ಒಪ್ಪಿಕೊಂಡಿತು. ಮುಕ್ಕಾಲು ಗಂಟೆಯಲ್ಲಿ ಹನ್ನೊಂದೂ ಹಂತ ಮುಗಿದವು. ಗುಜರಿಯವನ ಒಂದು ವಾರದ ಕೆಲಸ ಇಷ್ಟೇ ಎಂದು ಮೂಗು ಮುರಿದರು.

ಲ್ಯಾಪ್‌ಟಾಪನ್ನು ಯಜಮಾನರ ಮಂಚದ ಮೇಲಿನ ಪುಟ್ಟ ಮೇಜಿಗೆ ತಂದಿಟ್ಟರು. ಮಂಚದ ಅಂಚಿನಲ್ಲಿ ಓರೆಯಾಗಿ ಕೂತು, ಎಡ ಅಂಚಿನಿಂದ ಕೀಲಿಗಳನ್ನು ಲೆಕ್ಕ ಹಾಕಿ ಬೆರಳಿಟ್ಟು, ಪಾಸ್‌ವರ್ಡ್ ಹೊಡೆದರು. ತಪ್ಪು ಎಂದಿತು ಮಷೀನು. ಮತ್ತೆ ಹೊಡೆದರು. ತಪ್ಪು. ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಹೊಡೆದರು. ತಪ್ಪು.

ಮೂವತ್ತೊಂದು ವರ್ಷದಲ್ಲಿ ಟೈಪಿಂಗ್ ಮೇಡಂಗೆ ಯಾವ ಮಷೀನೂ ತಪ್ಪು ಎಂದಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರು.

“ಪಾಸ್‌ವರ್ಡ್ ಏನೋ ಎಡವಟ್ಟಾಗಿದೆ ಮೇಡಂ. ಮತ್ತೆ ಮೊದಲಿಂದ ಅಳಿಸಿ ಹಾಕ್ಬೇಕಾಗುತ್ತೆ” ಎಂದ.

“ನಾನು ತಪ್ಪು ಹೊಡೆದೆ ಅಂತೀಯಾ?”

“ಅಯ್ಯೋ, ನಾನು ಹಾಗೆಲ್ಲಿ ಅಂದೆ?” ಎಂದು ಅವನು ಫೋನ್ ಇಟ್ಟುಬಿಟ್ಟ.

ಆಗ ಪಕ್ಕದಿಂದ ಒಂದು ಸದ್ದು ಬಂತು. ಮೇಡಂ ಕೆಮ್ಮು ಅಂದುಕೊಂಡರು. ತಿರುಗಿ ನೋಡಿದರೆ ಯಜಮಾನರು ನಗುತ್ತಿದ್ದರು. ಅರ್ಧ ಬಾಯಿಯ ನಗು, ಆದರೆ ಭುಜ ಪೂರ್ತಿ ಕುಲುಕುತ್ತಿತ್ತು. ಅವರ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಪಾಸ್‌ವರ್ಡಿನ ಮೇಲೆ ಮೇಡಂ ಕೊಟ್ಟ ಹೆಸರು ಕಾಣಬೇಕಿತ್ತು. ಅದರ ಬದಲು ನಾಲಿಗೆಯೇ ತಿರುಗದ ಒಂದು ಅಕ್ಷರಗಳ ಗುಡ್ಡೆ ಇತ್ತು. ಮೇಡಂ ಅದನ್ನು ಈಗಲೇ ನೋಡಿದ್ದು.

“ಏನ್ರೀ ನಗೋದು ಇದ್ರಲ್ಲಿ?”

ಯಜಮಾನರು ಎಡಗೈಯಿಂದ ಮೇಡಂ ಮಣಿಕಟ್ಟು ಹಿಡಿದು, ಸರಿಯಾಗಿ ಒಂದು ಕೀಲಿಯಷ್ಟು ಬಲಕ್ಕೆ ಎಳೆದರು. ಆ ಗುಡ್ಡೆ ಅವರಿಗೆ ಹಳೆಯ ಪರಿಚಯ. ಎರಡು ಪರೀಕ್ಷೆಯಲ್ಲೂ ಅವರು ಒಂದು ಕೀಲಿ ಪಕ್ಕಕ್ಕೆ ಬೆರಳಿಟ್ಟು ಪುಟಗಟ್ಟಲೆ ಅಂಥದ್ದನ್ನೇ ಹೊಡೆದು ಬಂದಿದ್ದರು.

ಮೇಡಂ ಮುಖ ಕೆಂಪಾಯಿತು. ಈ ಲ್ಯಾಪ್‌ಟಾಪಿನಲ್ಲಿ ಅಂಕಿಗಳಿಗೆಂದು ಬಲಗಡೆ ಬೇರೆಯೇ ಕೀಲಿಗಳಿದ್ದವು. ಅವು ಅಕ್ಷರದ ಕೀಲಿಗಳನ್ನೆಲ್ಲ ಎಡಕ್ಕೆ ತಳ್ಳಿದ್ದವು. ನಡುಮಧ್ಯಕ್ಕೆ ಮೂಗಿಟ್ಟು ಕೂತವರ ಬೆರಳು ಒಂದು ಕೀಲಿ ಬಲಕ್ಕೇ ಬೀಳುತ್ತದೆ. ಹೆಸರೂ ಪಾಸ್‌ವರ್ಡೂ ಹಾಗೆ ತಪ್ಪಾಗಿ ಕೂತಿದ್ದವು, ಮಂಚದಲ್ಲಿ ಲೆಕ್ಕ ಹಾಕಿ ಹೊಡೆದದ್ದು ಸರಿಯಾಗಿದ್ದರಿಂದಲೇ ಮಷೀನು ಒಪ್ಪಲಿಲ್ಲ. ನಿಯಮ ಬಿಟ್ಟು ಪರದೆ ನೋಡುವ ಯಾವ ದಡ್ಡನಿಗೂ ಅದು ಮೊದಲ ಅಕ್ಷರಕ್ಕೇ ತಿಳಿಯುತ್ತಿತ್ತು. ನಿಯಮ ಪಾಲಿಸಿದ್ದರಿಂದ ಮೇಡಂಗೆ ತಿಳಿಯಲಿಲ್ಲ.

ಅವರು ಕೈಯನ್ನು ಒಂದು ಕೀಲಿ ಬಲಕ್ಕೆ ಸರಿಸಿಟ್ಟು ಪಾಸ್‌ವರ್ಡ್ ಹೊಡೆದರು. ಮಷೀನು ತೆರೆದುಕೊಂಡಿತು. “ಇದನ್ನ ಯಾರಿಗೂ ಹೇಳ್ಬೇಡಿ” ಎಂದರು. ಹೇಳಿ ಮುಗಿಸಿದ ಮೇಲೆ, ಯಾರಿಗೆ ಏನು ಹೇಳುತ್ತಿದ್ದೇನೆ ಎಂದು ಹೊಳೆಯಿತು.

ಆಮೇಲೆ ಮೇಡಂ ಬಿಳಿ ಪಟ್ಟಿ, ಕತ್ತರಿ, ಕಪ್ಪು ಪೆನ್ನು ತಂದು ಕೂತರು. ಪಟ್ಟಿಯನ್ನು ಉಗುರಿನಷ್ಟಗಲ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಕನ್ನಡ ಅಕ್ಷರ ದಪ್ಪಗೆ ಬರೆದು, ಕೀಲಿಗಳ ಮೇಲೆ ಅಂಟಿಸಿದರು. ಅದಕ್ಕೆ ಒಂದು ಗಂಟೆ ಹಿಡಿಯಿತು. ಮುಗಿದ ಮೇಲೆ ಯಜಮಾನರ ಎಡಗೈಯ ತೋರುಬೆರಳನ್ನು ಎತ್ತಿ ಕೀಲಿಗಳ ಮೇಲಿಟ್ಟು, “ನೋಡಿಕೊಂಡೇ ಹೊಡೀರಿ. ಎಷ್ಟು ಹೊತ್ತಾದ್ರೂ ಆಗ್ಲಿ” ಎಂದು ಕಿವಿಯ ಹತ್ತಿರ ಕೂಗಿದರು.

ಯಜಮಾನರು ಮುಖ ಕಿವುಚಿದರು. ಬೆರಳು ನಡುಗುತ್ತ ಒಂದು ಕೀಲಿಯ ಮೇಲೆ ನಿಂತು, ಯೋಚಿಸಿ, ಒತ್ತಿತು. ಮತ್ತೊಂದನ್ನು ಹುಡುಕಿ ಹೊರಟಿತು. ಮೇಡಂ ಪರದೆಯನ್ನೇ ನೋಡಿದರು. ಹನ್ನೆರಡು ನಿಮಿಷಕ್ಕೆ ಒಂದು ಸಾಲು ಮುಗಿಯಿತು.

‘ಕೂಗಬೇಡ. ಕಿವಿ ಚೆನ್ನಾಗಿ ಕೇಳುತ್ತೆ. ಎಣ್ಣೆ ಬೇಡ.’

ಇಷ್ಟು ತಿಂಗಳ ಎಣ್ಣೆ ಮೇಡಂ ಕಣ್ಣ ಮುಂದೆ ಬಂತು. ಅವಮಾನವಾದಾಗ ಅವರು ಮೊದಲು ಮಾಡುವುದು ಜಗಳ. “ಮತ್ತೆ ದಿನಾ ಕಿವಿ ಮುಟ್ಟಿಕೊಂಡು ಅಡುಗೆಮನೆ ಕಡೆ ಕೈ ತೋರಿಸಿದ್ದು ಯಾಕೆ? ನಾನೇನು ಅಂತ ತಿಳ್ಕೋಬೇಕಿತ್ತು?”

ಯಜಮಾನರ ಬೆರಳು ಮತ್ತೆ ಕೀಲಿಗಳ ಮೇಲೆ ಇಳಿಯಿತು. ಈ ಸಲ ಇನ್ನೂ ನಿಧಾನ. ನಡುವೆ ಎರಡು ಸಲ ಕೈ ಸೋತು ಪಕ್ಕಕ್ಕೆ ಬಿತ್ತು. ಮೇಡಂ ಸಹಾಯ ಮಾಡಲು ಹೋದರೆ ತಲೆಯಾಡಿಸಿ ಬೇಡವೆಂದರು.

‘ನೀನು ನಲ್ಲಿ ಬಿಟ್ಟುಕೊಂಡು ಅಲ್ಲಿ ಅಳೋದು ಕೇಳುತ್ತೆ. ಇಲ್ಲಿ ಬಂದು ಅಳು.’

ಮೇಡಂ ಅದನ್ನು ಎರಡು ಸಲ ಓದಿದರು. ಏಳು ತಿಂಗಳಿಂದ ಅವರು ನಲ್ಲಿಯ ನೀರನ್ನು ನಂಬಿಕೊಂಡಿದ್ದರು. ಯಜಮಾನರು ಆ ನೀರಿನ ಸದ್ದನ್ನೂ ಅದರ ಒಳಗಿನ ಸದ್ದನ್ನೂ ಮಂಚದ ಮೇಲಿಂದ ಕೇಳಿಸಿಕೊಳ್ಳುತ್ತ, ದಿನಾ ಕರೆದಿದ್ದರು. ದಿನಾ ಇವರು ಎಣ್ಣೆ ತಂದಿದ್ದರು.

ಅವರು ಲ್ಯಾಪ್‌ಟಾಪನ್ನು ಎತ್ತಿ ಜೋಪಾನವಾಗಿ ಕಿಟಕಿಯ ಹತ್ತಿರ ಇಟ್ಟರು. ಪುಟ್ಟ ಮೇಜನ್ನು ಪಕ್ಕಕ್ಕೆ ಸರಿಸಿದರು. ಮಂಚದ ಮೇಲೆ ಯಜಮಾನರ ಎಡಭುಜಕ್ಕೆ ತಲೆಯಿಟ್ಟು, ಎಷ್ಟು ಸದ್ದು ಬರಬೇಕೋ ಅಷ್ಟನ್ನೂ ಬರಗೊಟ್ಟು ಅತ್ತರು.